ಎಣ್ಣೆ ಹೀಟರ್‌ಗೆ ಅರ್ಧ ಕರೆಂಟ್ ಸಾಕೇ? ಒಂದು ಸ್ಪಷ್ಟನೆ

“ಎಣ್ಣೆ ತುಂಬಿದ ರೂಮ್ ಹೀಟರ್‌ಗೆ ಕಾಯಿಲ್ ಹೀಟರ್‌ನ ಅರ್ಧದಷ್ಟೇ ಕರೆಂಟ್ ಸಾಕು, ಗೃಹಜ್ಯೋತಿ ಇರುವವರು 200 ಯೂನಿಟ್‌ವರೆಗೆ ಚಿಂತೆಯಿಲ್ಲದೆ ಉರಿಸಬಹುದು” ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡು ಮಾತೂ ತಪ್ಪು.

ಹೀಟರ್‌ನ ಹಿಂಬದಿಯ ಚೀಟಿಯಲ್ಲಿ ವ್ಯಾಟ್ ಎಷ್ಟೆಂದು ಬರೆದಿರುತ್ತದೆ. ಮೊದಲು ಅದನ್ನು ನೋಡಿ. 1,500 ವ್ಯಾಟ್‌ನ ಯಾವುದೇ ಹೀಟರ್ ಪೂರ್ತಿ ಉರಿದರೆ ಗಂಟೆಗೆ ಒಂದೂವರೆ ಯೂನಿಟ್. ಒಳಗೆ ಎಣ್ಣೆಯಿರಲಿ, ಬರೀ ಕಾಯಿಲ್ ಇರಲಿ, ಅಷ್ಟು ಕರೆಂಟಿಗೆ ಅಷ್ಟೇ ಶಾಖ. ಎಣ್ಣೆ ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ, ಅಷ್ಟೇ ವ್ಯತ್ಯಾಸ. ನಡುನಡುವೆ ತಾನಾಗಿ ಆಫ್ ಆಗುವುದು ಥರ್ಮೋಸ್ಟಾಟ್‌ನ ಕೆಲಸ. ಅದು ಕಾಯಿಲ್ ಹೀಟರ್‌ಗಳಲ್ಲೂ ಸಿಗುತ್ತದೆ.

ಗೃಹಜ್ಯೋತಿಯ ಮಾತನ್ನು ನಂಬಿದರೆ ನಷ್ಟ ಇನ್ನೂ ದೊಡ್ಡದು. 200 ಯೂನಿಟ್ ಎಲ್ಲರಿಗೂ ಉಚಿತವಲ್ಲ. 2022–23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಆಯಾ ಮನೆಗೆ ಮಿತಿ ಗೊತ್ತುಮಾಡಲಾಗಿದೆ. ಅದನ್ನು ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ ನಮ್ಮದೇ. ಮಡಿಕೇರಿಯಲ್ಲಿ ತಿಂಗಳಿಗೆ 80 ಯೂನಿಟ್ ಬಳಸುವ ಮನೆಯವರು ಇಂಥ ಹೀಟರನ್ನು ದಿನಕ್ಕೆ 4 ಗಂಟೆ ಪೂರ್ತಿ ಉರಿಸಿದರೆ 180 ಯೂನಿಟ್ ಕೂಡಿ 260 ಆಗುತ್ತದೆ.

ಬಿಲ್ಲಿಗೆ ಹೆದರಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವವರಿದ್ದಾರೆ. ದಯವಿಟ್ಟು ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬಾಗಿಲ ಸಂದಿಗೆ ಹಳೆಯ ಸೀರೆ ಸುತ್ತಿಡುವುದು, ಹಾಸಿಗೆಯ ಕೆಳಗೂ ಒಂದು ಕಂಬಳಿ ಹಾಸುವುದು ಖರ್ಚಿಲ್ಲದ ಉಪಾಯಗಳು.