ವರ್ಟಿಕಲ್ ಇಂಟಿಗ್ರೇಷನ್ ಕೆಳಗೇ ಕೂತಿತ್ತು

ಕಲಬುರಗಿಯ ಒಂದು ವೈದ್ಯಕೀಯ ಕಾಲೇಜಿನಿಂದ ಫೋನ್ ಬಂತು. ‘ಎಲ್ಲರನ್ನೂ ಒಳಗೊಳ್ಳುವ ವೈದ್ಯ ಶಿಕ್ಷಣಕ್ಕೆ ಕೃತಕ ಬುದ್ಧಿಮತ್ತೆ’ ಅಂತ ಕಾರ್ಯಾಗಾರವಂತೆ. ‘ಬ್ಯಾರೆ ವಿಷಯದೋರೂ ಇರಬೇಕಂತ ಮ್ಯಾಲಿಂದ ಹೇಳ್ಯಾರ ಸರ್. ಡಾಕ್ಟರ್ ಅಲ್ಲದೋರು ಒಬ್ಬರರ ಬೇಕ್ರಿ’ ಅಂದರು. ನಾನು ಕನ್ನಡ ಮೇಷ್ಟ್ರು. ಪಿಎಚ್‌ಡಿ ಮಾಡದೇ ಇದ್ದದ್ದು ಮೊದಲ ಸಲ ಉಪಯೋಗಕ್ಕೆ ಬಂತು.

ಸಭಾಂಗಣ ಮೂರನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ ‘ರಿಪೇರಿ ಇದೆ’ ಅಂತ ಚೀಟಿ. ಅಂಟು ಒಣಗಿ, ಒಂದು ಮೂಲೆ ಸುರುಳಿ ಸುತ್ತಿಕೊಂಡಿತ್ತು. ಅದರ ಪಕ್ಕದಲ್ಲೇ ಕಾರ್ಯಾಗಾರದ ಹೊಸ ಬ್ಯಾನರ್: ‘ಯಾರೂ ಹಿಂದುಳಿಯಬಾರದು’. ಬ್ಯಾನರ್ ಕೆಳಗೆ ಗಾಲಿಕುರ್ಚಿಯಲ್ಲಿ ಎರಡನೇ ವರ್ಷದ ಹುಡುಗ. ‘ನೀವು ನಡೀರಿ ಸರ್, ನನಗ ಲಿಂಕ್ ಕಳಿಸ್ತಾರಂತ್ರಿ’ ಅಂದ.

ಮೇಲೆ ಸ್ಲೈಡ್ ಓಡುತ್ತಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 21 ಬಗೆಯ ಅಂಗವೈಕಲ್ಯ, ಸರ್ಕಾರಿ ಕಾಲೇಜುಗಳಲ್ಲಿ ಕಡಿಮೆ ಅಂದ್ರೂ ಶೇ 5 ಸೀಟು. ಅಂಗವೈಕಲ್ಯ ಶೇಕಡಾ ಎಷ್ಟು ಅನ್ನೋದೊಂದನ್ನೇ ನೋಡಿ ಎಂಬಿಬಿಎಸ್ ಸೀಟು ಇಲ್ಲ ಅನ್ನುವಂತಿಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇತ್ತು. ಕೋರ್ಟ್ ಸೀಟಿನ ಬಗ್ಗೆ ಹೇಳಿತು, ಮಹಡಿಯ ಬಗ್ಗೆ ಹೇಳಲಿಲ್ಲ, ಅಲ್ವಾ?

ಆಮೇಲೆ ಒಬ್ಬರು 2019ರ ಎಂಬಿಬಿಎಸ್ ಪಠ್ಯಕ್ರಮ ಬಿಡಿಸಿ ಹೇಳಿದರು. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಜೊತೆಯಾಗಿ ಕಲಿಸಿದರೆ ಹಾರಿಜಾಂಟಲ್ ಇಂಟಿಗ್ರೇಷನ್. ಮೊದಲ ವರ್ಷದ ಪಾಠವನ್ನು ಮುಂದಿನ ವರ್ಷಗಳ ವಾರ್ಡಿನವರೆಗೆ ಒಯ್ದರೆ ವರ್ಟಿಕಲ್. ಹಾರಿಜಾಂಟಲ್ ಸದ್ಯ ನಿಂತಿದೆ. ಪ್ರೊಜೆಕ್ಟರ್ ಯಾರದು ಅನ್ನೋ ಜಗಳದಲ್ಲಿ ಅನಾಟಮಿಯವರು, ಫಿಸಿಯಾಲಜಿಯವರು ಮಾತು ಬಿಟ್ಟಿದ್ದಾರೆ. ವರ್ಟಿಕಲ್ ಅಂತೂ ಕೆಳಗೆ ಲಿಫ್ಟ್ ಮುಂದೆ ಕೂತಿತ್ತು.

ಕೊನೆಗೆ ಯಂತ್ರ ಬಂತು. ರೋಗಿಯ ಮಾತು ಕೇಳಿ ತಾನೇ ಕೇಸ್ ಬರೆಯುತ್ತದಂತೆ. ಪ್ರಯೋಗಕ್ಕೆ ಒಪಿಡಿ ಸಾಲಿನಿಂದ ಜೇವರ್ಗಿ ಕಡೆಯ ಒಬ್ಬ ಆಯಿಯನ್ನು ಮೂರು ಮಹಡಿ ಹತ್ತಿಸಿ ಕರೆತಂದಿದ್ದರು.

‘ನಿನ್ನಿ ಸಂಜಿಲಿಂದ ಹೊಟ್ಟಿ ಕಡೀಲಿಕತ್ತದ್ರಿ ಯಪ್ಪಾ.’

ಯಂತ್ರ ಕೇಳಿತು: ‘ಕಡಿದ ಪ್ರಾಣಿ ಯಾವುದು? ನಾಯಿಯೇ, ಹಾವೇ?’

ಆಯಿ ಗಾಬರಿಯಾಗಿ ಸೆರಗು ಎಳೆದುಕೊಂಡಳು. ‘ನಾಯಿ ಅಲ್ರಿ, ಹೊಟ್ಟಿ! ಹೊಟ್ಟಿನೇ ಕಡೀತದ.’

ಪರದೆ ಮೇಲೆ ಮೂಡಿತು: ‘ಪ್ರಾಣಿ: ನಾಯಿ. ಜಾಗ: ಹೊಟ್ಟೆ. ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆಯಿರಿ. ರೇಬೀಸ್ ಲಸಿಕೆ 0, 3, 7, 28ನೇ ದಿನ.’

ಚಿಕಿತ್ಸೆಯಲ್ಲಿ ಒಂದಕ್ಷರ ತಪ್ಪಿಲ್ಲ. ನಾಯಿಯೊಂದೇ ಕಡಿಮೆ. ಕಲ್ಯಾಣ ಕರ್ನಾಟಕದವರಿಗೇ ಮೀಸಲಾದ 371 (ಜೆ) ಸೀಟಿನ ನಮ್ಮ ಕಡೆಯ ಹುಡುಗರು ಬಿದ್ದು ಬಿದ್ದು ನಕ್ಕರು. ದೂರದೂರಿನಿಂದ ಬಂದವರು ಲಸಿಕೆಯ ದಿನಗಳನ್ನು ಬರೆದುಕೊಂಡರು.

ಕಂಪನಿಯ ಹುಡುಗನಿಗೆ ಬೇಜಾರಿರಲಿಲ್ಲ. ‘ಈ ಕಡೆ ಭಾಷೆಗೆ ಅಪ್‌ಡೇಟ್ ಬರುತ್ತೆ ಸರ್. ಅಲ್ಲೀವರೆಗೂ ಪೇಷೆಂಟ್‌ಗಳಿಗೇ ಸ್ವಲ್ಪ ನೀಟಾಗಿ ಮಾತಾಡೋ ಟ್ರೇನಿಂಗ್ ಕೊಡಬಹುದು’ ಅಂದ. ಪ್ರಿನ್ಸಿಪಾಲರು ಅದನ್ನು ಡೈರಿಯಲ್ಲಿ ಗುರುತು ಹಾಕಿಕೊಂಡರು.

ನನಗೆ ಎರಡು ನಿಮಿಷ ಸಿಕ್ಕಿತು. ‘ಕಡಿ’ ಅಂದ್ರೆ ನುಲಿಯೋ ನೋವು ಅಂತಲೂ ಅರ್ಥ ಇದೆ ಅಂದೆ. ಚಪ್ಪಾಳೆ, ಶಾಲು, ಫೋಟೊ.

ಇಳಿದು ಬಂದರೆ ಆಯಿ ಆ ಹುಡುಗನ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಲಿಂಕ್ ಬಂದಿರಲಿಲ್ಲ. ‘ಉಂಡ ಮ್ಯಾಲ ಜಾಸ್ತಿ ಆಗ್ತದೇನ್ ಆಯಿ? ವಾಂತಿ ಆಗ್ಯದ?’ ಅಂತ ಕೇಳುತ್ತ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ.

ಆವತ್ತು ಅವನಿಗೆ ಆಬ್ಸೆಂಟ್ ಬಿತ್ತು. ಮುಖ ನೋಡಿ ಹಾಜರಿ ಹಾಕೋ ಯಂತ್ರ ಇರೋದು ಮೂರನೇ ಮಹಡಿಯಲ್ಲಿ.