ಕಾಫಿ ಪಾಡಿನ ಮರಣೋತ್ತರ ಪರೀಕ್ಷೆ

ಗೆಳೆಯನ ಮನೆಗೆ ಪಾಡ್ ಹಾಕುವ ಕಾಫಿ ಯಂತ್ರ ಬಂದು ತಿಂಗಳಾಯಿತು. ಅಲ್ಲಿಯವರೆಗೆ ಆತ ಕಾಫಿ ಮಾಡುತ್ತಿದ್ದ, ಈಗ ಗುಂಡಿ ಒತ್ತುತ್ತಾನೆ. ಪಾಡ್ ಎಂದರೆ ಕಾಫಿಪುಡಿ ತುಂಬಿ ಮುಚ್ಚಿದ, ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಪ್ಲಾಸ್ಟಿಕ್ ಲೋಟ. ಅಂಥದೊಂದನ್ನು ಯಂತ್ರದ ಬಾಯಿಗಿಟ್ಟು ಮುಚ್ಚಳ ಅಮುಕಿದ. ಸೂಜಿಗಳು ಅದನ್ನು ಮೇಲೂ ಕೆಳಗೂ ಚುಚ್ಚಿದವು, ಬಿಸಿನೀರು ನುಗ್ಗಿತು, ಯಂತ್ರ ಒಮ್ಮೆ ಕೆಮ್ಮಿ, ಗುರುಗುಟ್ಟಿ, ಕಪ್ಪಿಗೆ ಕಾಫಿ ಉಗುಳಿತು. ಒಂದು ನಿಮಿಷವೂ ಹಿಡಿಯಲಿಲ್ಲ. "ನೋಡಿದೆಯಾ, ಎಷ್ಟು ಟೈಮ್ ಉಳೀತು!" ಎಂದು ಎದೆಯುಬ್ಬಿಸಿದ.

ಉಳಿದ ಟೈಮನ್ನು ಆತ ಏನು ಮಾಡಿದ ಎಂಬುದನ್ನು ಹೇಳಬೇಕು.

ಆತ ಪರಿಸರಪ್ರೇಮಿ. ಪೊಟ್ಟಣದ ಮೇಲೆ ಒಂದರ ಬಾಲ ಒಂದು ಹಿಡಿದು ಓಡುವ ಮೂರು ಬಾಣಗಳ ಮರುಬಳಕೆ ಗುರುತನ್ನು ನೋಡಿಯೇ ಕೊಂಡವನು. ಹಾಗಾಗಿ ಬಳಸಿದ ಪಾಡನ್ನು ಸುಮ್ಮನೆ ಎಸೆಯುವಂತಿಲ್ಲ. ಮೊದಲು ಅದು ಆರಬೇಕು. ಆಮೇಲೆ ಮೇಲಿನ ಹಾಳೆ ಸುಲಿಯಬೇಕು. ಹಾಳೆ ನಡುವೆ ಹರಿದು ಕೈಗೆ ಬಂತು, ಅಂಚಿನ ಉಂಗುರ ಮಾತ್ರ ಅಲ್ಲೇ ಕೂತಿತು. ಉಗುರಿನಿಂದ ಕೆರೆದ, ಜಗ್ಗಲಿಲ್ಲ. ಚಾಕು ತಂದ. ಒದ್ದೆ ಚರಟ ಅರ್ಧ ಬುಟ್ಟಿಗೆ ಬಿತ್ತು, ಅರ್ಧ ಅಂಗಿಯ ತೋಳಿಗೆ. ಒಳಗೋಡೆಗೆ ಕಚ್ಚಿಕೊಂಡಿದ್ದ ಕಾಗದದ ಫಿಲ್ಟರನ್ನು ಎಳೆದರೆ ಅದೂ ತುಂಡುತುಂಡಾಗಿ ಬಂತು. ಕೊನೆಗೆ ನಲ್ಲಿ ಬಿಟ್ಟು ತೊಳೆದ. ಕಾಫಿಗೆ ಹಿಡಿದ ನೀರಿಗಿಂತ ಪಾಡಿನ ಸ್ನಾನಕ್ಕೆ ಹಿಡಿದ ನೀರೇ ಹೆಚ್ಚು. ಹತ್ತು ನಿಮಿಷವಾಯಿತು. ಪಕ್ಕದ ಡಬ್ಬದಲ್ಲಿ ಇನ್ನೂ ಇಪ್ಪತ್ತಾರು ಹೆಣಗಳು ಸರದಿಗಾಗಿ ಕಾಯುತ್ತಿದ್ದವು.

ಈ ವೈಭವದ ಪಿತಾಮಹರಲ್ಲಿ ಒಬ್ಬರು ಜಾನ್ ಸಿಲ್ವನ್. 1990ರ ದಶಕದಲ್ಲಿ ಅಮೆರಿಕದಲ್ಲಿ ಕ್ಯೂರಿಗ್ ಕಂಪನಿ ಕಟ್ಟಿ, ಕೆ-ಕಪ್ ಎಂಬ ಪಾಡನ್ನು ರೂಪಿಸಿದವರು. 1997ರಲ್ಲಿ ತಮ್ಮ ಪಾಲನ್ನು 50,000 ಡಾಲರಿಗೆ ಮಾರಿ ಹೊರನಡೆದರು. 2015ರಲ್ಲಿ ಸಂದರ್ಶಕರು ಹುಡುಕಿಕೊಂಡು ಹೋದಾಗ, ಇದನ್ನು ಯಾಕಾದರೂ ಮಾಡಿದೆನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ ಎಂದರು. ಅವರ ಮನೆಯಲ್ಲಿ ಆ ಯಂತ್ರವೇ ಇರಲಿಲ್ಲ. ದುಬಾರಿ, ಮೇಲಾಗಿ ಮಾಮೂಲಿ ಕಾಫಿ ಸೋಸುವುದೇನು ಅಂಥ ಬ್ರಹ್ಮವಿದ್ಯೆಯಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಅಡುಗೆಯವನೇ ಪಕ್ಕದ ಮನೆಯಲ್ಲಿ ಊಟಕ್ಕೆ ಕೂತರೆ ಪಂಕ್ತಿಯಲ್ಲಿದ್ದವರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಕಂಪನಿಗೆ ಮಾತ್ರ ಬೇರೆಯದೇ ಚಿಂತೆ ಇತ್ತು. 2014ರಲ್ಲಿ ಅದು ತಂದ ಹೊಸ ಯಂತ್ರ ಪಾಡಿನ ಮುಚ್ಚಳದ ಮೇಲಿನ ವಿಶೇಷ ಶಾಯಿಯನ್ನು ಓದುತ್ತಿತ್ತು. ಬೇರೆ ಕಂಪನಿಯ, ಶಾಯಿ ಇಲ್ಲದ ಬಡಪಾಯಿ ಪಾಡು ಒಳಹೊಕ್ಕರೆ ಯಂತ್ರ ಮುಖ ತಿರುಗಿಸಿತು, ಕಾಫಿ ಇಲ್ಲ. ಜನ ಸುಮ್ಮನಿರುತ್ತಾರೆಯೇ? ಅಸಲಿ ಪಾಡಿನ ಮುಚ್ಚಳ ಕತ್ತರಿಸಿ, ನಕಲಿಯ ತಲೆಗೆ ಟೇಪು ಹಚ್ಚಿ ಅಂಟಿಸಿದರು. ಯಂತ್ರ ಸಂತೋಷದಿಂದ ಸೊರ್ರೆಂದಿತು. ನನಗೆ ಸೋಜಿಗ ಇಷ್ಟೇ: ಒಳಗೆ ಬರುವ ಪಾಡು ಯಾರ ಮಗು ಎಂದು ಪತ್ತೆಹಚ್ಚಲು ಇಷ್ಟೆಲ್ಲ ತಂತ್ರಜ್ಞಾನ, ಹೊರಹೋದದ್ದು ಯಾವ ಗುಂಡಿಗೆ ಬಿತ್ತು ಎಂದು ತಿಳಿಯಲು ಒಂದು ಚೀಟಿಯೂ ಇಲ್ಲ.

ಆಮೇಲೆ ಹಸಿರು ಪರ್ವ. ಹಳೆಯ ಬೆರಕೆ ಪ್ಲಾಸ್ಟಿಕ್ ಬಿಟ್ಟು, 2020ರ ಕೊನೆಯ ಹೊತ್ತಿಗೆ ಕಂಪನಿಯ ಎಲ್ಲ ಪಾಡುಗಳೂ ಪಾಲಿಪ್ರೊಪಿಲೀನ್ ಎಂಬ ಒಂದೇ ಬಗೆಯ ಪ್ಲಾಸ್ಟಿಕ್ಕಿಗೆ ಬಂದವು. "ಮರುಬಳಕೆ ಮಾಡಬಹುದಾದ" ಎಂಬ ಬಿರುದೂ ಬಂತು. ಕರಾಮತ್ತು ಇರುವುದು ಆ "ಬಹುದು" ಎಂಬ ಮೂರಕ್ಷರದಲ್ಲಿ. ನಾನೂ ನಾಳೆಯಿಂದ ಬೆಳಿಗ್ಗೆ ಐದಕ್ಕೆದ್ದು ಹತ್ತು ಕಿಲೋಮೀಟರ್ ಓಡಬಹುದು. ಕೆನಡಾದ ಸ್ಪರ್ಧಾ ನಿಗಾ ಸಂಸ್ಥೆ ಈ "ಬಹುದು"ವಿನ ಬೆನ್ನುಹತ್ತಿ ಹೋಯಿತು. ಕ್ವಿಬೆಕ್ ಮತ್ತು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಗಳನ್ನು ಬಿಟ್ಟರೆ ಬೇರೆಡೆ ಹೆಚ್ಚಿನ ಸ್ಥಳೀಯ ಮರುಬಳಕೆ ವ್ಯವಸ್ಥೆಗಳು ಈ ಪಾಡುಗಳನ್ನು ತೆಗೆದುಕೊಳ್ಳುವುದೇ ಇಲ್ಲ ಎಂದು ಕಂಡಿತು. 2022ರ ಜನವರಿಯಲ್ಲಿ ಕ್ಯೂರಿಗ್ ಕೆನಡಾ 30 ಲಕ್ಷ ಕೆನಡಿಯನ್ ಡಾಲರ್ ದಂಡಕ್ಕೆ ಒಪ್ಪಿತು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರ ಸರದಿ, 15 ಲಕ್ಷ ಡಾಲರ್. ದೇಶದ ಅತಿದೊಡ್ಡ ಮರುಬಳಕೆ ಕಂಪನಿಗಳಲ್ಲಿ ಎರಡು "ನಮಗೆ ಈ ಪಾಡು ಬೇಡ" ಎಂದಿದ್ದ ಸಂಗತಿಯನ್ನು ವಾರ್ಷಿಕ ವರದಿಗಳು ನುಂಗಿಕೊಂಡಿದ್ದವಂತೆ. ನನ್ನ ಗೆಳೆಯ ಚಾಕು ಹಿಡಿದು ತೊಳೆಯುತ್ತಿದ್ದದ್ದು ಇಂಥ ಅತಿಥಿಯನ್ನು, ಬಾಗಿಲಲ್ಲೇ ಬೇಡ ಅನ್ನಿಸಿಕೊಳ್ಳುವವನನ್ನು ಮದುಮಗನಂತೆ ಸಿಂಗರಿಸುವ ಹಾಗೆ.

ಆರೋಗ್ಯದ ಮಾತು. ಪ್ಲಾಸ್ಟಿಕ್ ಕರಗಿ ಕಪ್ಪಿಗೆ ಇಳಿಯುತ್ತದೆ ಎಂದು ಹೆದರಿಸುವವರಿದ್ದಾರೆ. ಅದು ಅತಿ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿಯಲ್ಲಿ, ಯಂತ್ರದ ನೀರು 90ರ ಆಸುಪಾಸು. ಆದರೆ ಕರಗದೆಯೂ ಉದುರಬಹುದಲ್ಲ. ಅದೇ ಪ್ಲಾಸ್ಟಿಕ್ಕಿನ ಮಕ್ಕಳ ಹಾಲಿನ ಬಾಟಲಿಗಳನ್ನು ಐರ್ಲೆಂಡಿನ ವಿಜ್ಞಾನಿಗಳು ಪರೀಕ್ಷಿಸಿ, ಲೀಟರಿಗೆ 1.6 ಕೋಟಿವರೆಗೆ ಸೂಕ್ಷ್ಮ ಕಣಗಳು ಉದುರುತ್ತವೆ, ನೀರು ಬಿಸಿಯಾದಷ್ಟೂ ಹೆಚ್ಚು ಎಂದು 2020ರಲ್ಲಿ ಪ್ರಕಟಿಸಿದರು. ಪಾಡು ಬಾಟಲಿಯಲ್ಲ, ನೀರು ಅದರೊಳಗೆ ಇರುವುದು ಕೆಲವೇ ಕ್ಷಣ, ಒಪ್ಪಿದೆ. ಪೊಟ್ಟಣದ ಉತ್ತರ ಮಾತ್ರ ಒಂದೇ: "ಬಿಪಿಎ ರಹಿತ". ಬಿಪಿಎ ಎಂಬುದು ಬೇರೆ ಬಗೆಯ ಪ್ಲಾಸ್ಟಿಕ್ಕಿನಲ್ಲಿರುವ ರಾಸಾಯನಿಕ. ಮನೆಯಲ್ಲಿ ಹಾವಿದೆಯಾ ಎಂದು ಕೇಳಿದರೆ "ಚೇಳಿಲ್ಲ" ಎಂದಂತೆ.

ಪಾಡಿನ ಪರ ವಕೀಲರೂ ಇದ್ದಾರೆ. ಅಳತೆ ಮಾಡಿಟ್ಟ ಪುಡಿ, ಬೇಕಾದಷ್ಟೇ ನೀರು, ಆದ್ದರಿಂದ ಕಾಫಿ ದಂಡವಾಗದು ಎನ್ನುತ್ತಾರೆ. ವಾದದಲ್ಲಿ ಹುರುಳಿದೆ, ಕಾಫಿ ಬೆಳೆಯುವುದಕ್ಕೇ ಭೂಮಿ ದೊಡ್ಡ ಬೆಲೆ ತೆರುತ್ತದೆ. ಆದರೆ ಅಳತೆಗೆ ಚಮಚ ಎಂಬ ಉಪಕರಣವೂ ಉಂಟು. ಅದಕ್ಕೆ ಶಾಯಿ ಓದಲು ಬರುವುದಿಲ್ಲ, ಅಷ್ಟೇ. ಜರ್ಮನಿಯ ಹ್ಯಾಂಬರ್ಗ್ ನಗರ 2016ರಲ್ಲಿ ಸರ್ಕಾರಿ ದುಡ್ಡಿನಲ್ಲಿ ಇಂಥ ಪಾಡು ಕೊಳ್ಳುವುದನ್ನೇ ನಿಲ್ಲಿಸಿತು. 6 ಗ್ರಾಂ ಕಾಫಿಗೆ 3 ಗ್ರಾಂ ಹೊದಿಕೆ ಎಂಬುದು ಅವರ ಲೆಕ್ಕ. ಮೂಗಿಗಿಂತ ಮೂಗುತಿ ಭಾರ ಅನ್ನುವಂತಿಲ್ಲ, ಅರ್ಧ ಮೂಗಿನಷ್ಟು ಭಾರ.

ನಿನ್ನೆ ಗೆಳೆಯ ಫೋನ್ ಮಾಡಿದ್ದ. ಹೆಣಗಳ ಡಬ್ಬ ತುಂಬಿ, ಎರಡನೆಯದು ಬಂದಿದೆಯಂತೆ. ಚಿಂತೆ ಇಲ್ಲ, ಪಾಡಿನ ಹಾಳೆಯನ್ನು ಸರ್ರನೆ ಕತ್ತರಿಸುವ ಪುಟ್ಟ ಸಾಧನವೊಂದನ್ನು ತರಿಸಿಕೊಂಡಿದ್ದಾನೆ. ಎಂಥದ್ದು ಎಂದು ಕೇಳಿದೆ. ಪ್ಲಾಸ್ಟಿಕ್ಕಿನದು. ಅದರ ತಳದಲ್ಲೂ ಮೂರು ಬಾಣಗಳಿವೆಯಂತೆ.