ಮೌಂಟ್ ಕುಕ್‌ಗೆ ಹೋಗುವವರು ರೂಮು ಮೊದಲೇ ಹಿಡಿದಿಡಿ
ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿ ಸುಮ್ನೆ ಕಾರು ಓಡಿಸ್ಕೊಂಡು ಹೋಗಿ, ಸಂಜೆ ತಲುಪಿದಲ್ಲೇ ರೂಮು ಹುಡುಕಿ ಅಂತ ನಿಮ್ಮ ಪ್ರವಾಸ ಬರಹದಲ್ಲಿ ಬರೆದಿದ್ದೀರಿ. ಡಿಸೆಂಬರ್-ಜನವರಿಯಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಆಗ ಅಲ್ಲಿ ಬೇಸಿಗೆ ರಜೆ, ಅಲ್ಲಿನವರೇ ಜಾಸ್ತಿ ತಿರುಗಾಡುತ್ತಾರೆ. ನ್ಯೂಜಿಲೆಂಡ್‌ನ ಅತಿ ಎತ್ತರದ ಪರ್ವತ ಮೌಂಟ್ ಕುಕ್‌ನ ಬುಡದ ಹಳ್ಳಿಯಲ್ಲಿ ಇರೋದೇ ಬೆರಳೆಣಿಕೆಯ ಹೋಟೆಲ್. ನಾವು ಹೋದಾಗ ಎಲ್ಲಾ ಭರ್ತಿ. ಹಿಂದಿನ ಸೀಟಿನಲ್ಲಿ ಮಕ್ಕಳು ಜಾಕೆಟ್ ಹೊದ್ದು ಮಲಗಿದ್ದರು. ಸುಮಾರು 65 ಕಿ.ಮೀ. ವಾಪಸ್ ಟ್ವೈಜಲ್ ಅನ್ನೋ ಊರಿಗೆ ಬಂದರೆ ಮೋಟೆಲ್ ರಿಸೆಪ್ಷನ್ ಮುಚ್ಚಿತ್ತು. ಬಾಗಿಲಿಗೆ ಅಂಟಿಸಿದ್ದ ನಂಬರಿಗೆ ಫೋನ್ ಮಾಡಿದ ಮೇಲೆ ಒಬ್ಬ ಅಜ್ಜಿ ಟಾರ್ಚ್ ಹಿಡಿದು ಬಂದು ಕೀ ಕೊಟ್ಟರು. ಪುಣ್ಯಾತ್ಗಿತ್ತಿ! ಬೆಟ್ಟಗಳ ನಡುವೆ ಚಾಚಿದ ಸಮುದ್ರದ ತೋಳು ಮಿಲ್ಫರ್ಡ್ ಸೌಂಡ್ ನೋಡುವವರು ಟೆ ಅನೌ ಊರಿನಲ್ಲಿ ಎರಡು ರಾತ್ರಿ ಬುಕ್ ಮಾಡಿ. ಅಲ್ಲಿಂದ ಮುಂದೆ ಸುಮಾರು 120 ಕಿ.ಮೀ., ದಾರಿಯಲ್ಲಿ ಪೆಟ್ರೋಲ್ ಬಂಕೂ ಸಿಗಲ್ಲ. ಎಲ್ಲೇ ಆಗಲಿ, ತಲುಪೋದು ತಡವಾಗುತ್ತೆ ಅನಿಸಿದರೆ ಹೋಟೆಲಿನವರಿಗೆ ಮೊದಲೇ ಒಂದು ಮೇಲ್ ಹಾಕಿ ತಿಳಿಸಿ.